ಅಕ್ಕನ ಲಗ್ನಪತ್ರಿಕೆಯಲ್ಲಿ ಇಲ್ಲದ ಹೆಸರು: ಬಾಲ್ಯವಿವಾಹ ತಡೆಯ ಒಂದು ಪ್ರಕರಣ ಅಧ್ಯಯನ

ಹುಡುಗಿಗೆ 16 ವರ್ಷ 4 ತಿಂಗಳು. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಪ್ರಥಮ ಪಿಯುಸಿ, ವಿಜ್ಞಾನ ವಿಭಾಗ. ಊರು ಕಲ್ಯಾಣ ಕರ್ನಾಟಕದ ಗಡಿ ತಾಲ್ಲೂಕಿನದು. ತಂದೆತಾಯಿಗೆ ಎರಡು ಎಕರೆ ಒಣಬೇಸಾಯ. ತುಳಸಿ ಲಗ್ನ ಮುಗಿಯುತ್ತಿದ್ದಂತೆ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಗುಳೆ ಹೊರಡುವ ಮನೆತನ. 20 ವರ್ಷದ ಅಕ್ಕನ ಮದುವೆ ಗೊತ್ತಾಗಿದೆ. ಅದೇ ಚಪ್ಪರದಲ್ಲಿ ತಂಗಿಯನ್ನೂ 27 ವರ್ಷದ ಸೋದರಮಾವನಿಗೆ ಕೊಟ್ಟು ಒಂದೇ ಖರ್ಚಿನಲ್ಲಿ ಮುಗಿಸಿಬಿಡೋಣ ಎಂದು ಹಿರಿಯರು ಮಾತಾಡಿಕೊಂಡಿದ್ದಾರೆ. ಅಚ್ಚಾದ ಲಗ್ನಪತ್ರಿಕೆಯಲ್ಲಿ ಅಕ್ಕನ ಹೆಸರು ಮಾತ್ರ ಇದೆ. ಮದುವೆಗೆ ಇನ್ನು ನಾಲ್ಕು ದಿನ.

ಈ ಭಾಗದಲ್ಲಿ ಇಂಥ ಪ್ರಕರಣಗಳು ಸಾಗುವ ಹಾದಿಯನ್ನು, ಅವು ಎಡವುವ ಜಾಗಗಳನ್ನು ಒಂದೇ ಸನ್ನಿವೇಶದೊಳಗೆ ಸೇರಿಸಿ ಇಲ್ಲಿ ಬರೆಯಲಾಗಿದೆ. ಇದು ಯಾವುದೇ ಒಬ್ಬ ಹುಡುಗಿಯ ಕಡತವಲ್ಲ. ಊರಿನ ಹೆಸರು, ಕಾಲೇಜಿನ ಹೆಸರು, ಹುಡುಗಿಯ ಹೆಸರು ಎಲ್ಲೂ ಬರುವುದಿಲ್ಲ. ರಕ್ಷಣೆ ಬೇಕಾದ ಮಗುವಿನ ಗುರುತು ಹೊರಗೆಡಹುವುದನ್ನು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಅಪರಾಧವೆನ್ನುತ್ತದೆ. ಶಿಕ್ಷೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಬಾಲ್ಯವಿವಾಹ ತಡೆದ ಅಧಿಕಾರಿಗಳು’ ಎಂಬ ಶೀರ್ಷಿಕೆಯಡಿ ಹುಡುಗಿಯನ್ನು ನಡುವೆ ನಿಲ್ಲಿಸಿ ತೆಗೆದ ಫೋಟೋವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಸಿಬ್ಬಂದಿಗೆ ಈ ಕಲಂ ತಮಗೂ ಅನ್ವಯಿಸುತ್ತದೆ ಎಂಬ ಅರಿವು ಇರಬೇಕು.

ಕರೆ

ಸುದ್ದಿ ಕೊಟ್ಟದ್ದು ಸಹಪಾಠಿ. ಕಾಲೇಜಿನ ಊಟದ ಬಿಡುವಿನಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ‘ನನ್ನ ಗೆಳತಿಯ ಮದುವೆ ಮಾಡ್ತಿದಾರೆ, ಅವಳಿಗೆ ಇಷ್ಟ ಇಲ್ಲ’ ಎಂದಷ್ಟೇ ಹೇಳಿದಳು. ಈ ಸಂಖ್ಯೆ ಉಚಿತ, 24 ಗಂಟೆಯೂ ಸಿಗುತ್ತದೆ. ಫೋನು ಎತ್ತಿಕೊಂಡವರು ಆ ಒಂದು ಕರೆಯಲ್ಲೇ ತಿಳಿದುಕೊಳ್ಳಬೇಕಾದ ಸಂಗತಿಗಳು ಬಹಳ, ಏಕೆಂದರೆ ಎರಡನೇ ಸಲ ಕರೆ ಮಾಡುವ ಅವಕಾಶ ಹೆಚ್ಚಿನ ಮಕ್ಕಳಿಗೆ ಇರುವುದಿಲ್ಲ. ಹುಡುಗಿಯ ಹೆಸರು, ತಂದೆಯ ಹೆಸರು, ಊರು, ಓಣಿ, ಮನೆಯ ಹತ್ತಿರದ ಗುಡಿ ಅಥವಾ ಅಂಗಡಿ, ಮದುವೆಯ ದಿನ ಮತ್ತು ಮುಹೂರ್ತ, ಮದುವೆ ನಡೆಯುವ ಜಾಗ, ಅಲ್ಲಿ ಆಗದಿದ್ದರೆ ಇನ್ನೆಲ್ಲಿಗೆ ಹೋಗಬಹುದು, ವರನ ಊರು, ಹುಡುಗಿ ಓದಿದ ಪ್ರೌಢಶಾಲೆ. ಈ ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ವಯಸ್ಸಿನ ದಾಖಲೆ ಬೇಗ ಸಿಗುವುದೇ ಅಲ್ಲಿ.

ಕೇಳಬಾರದ ಪ್ರಶ್ನೆಯೂ ಒಂದಿದೆ: ‘ನೀನು ಯಾರು, ನಿಮ್ಮಪ್ಪನ ಹೆಸರೇನು?’ ಸುದ್ದಿ ಕೊಟ್ಟವರ ಗುರುತು ಕಡತದಲ್ಲೂ ಬೇಕಿಲ್ಲ. ಪ್ರಕರಣಗಳು ಕೆಡುವ ಮೊದಲ ಜಾಗವೇ ಇದು. ಮನೆಗೆ ಹೋದ ತಂಡದಲ್ಲಿ ಯಾರೋ ಒಬ್ಬರು ಬಾಯಿತಪ್ಪಿ ‘ಕಾಲೇಜಿನಿಂದ ಫೋನ್ ಬಂದಿತ್ತು’ ಎಂದರೆ ಸಾಕು, ಮರುದಿನದಿಂದ ಆ ಹುಡುಗಿಯ ಗೆಳತಿಯರೆಲ್ಲ ಊರಿನ ಕಣ್ಣಿಗೆ ಅಪರಾಧಿಗಳಾಗುತ್ತಾರೆ. ಇನ್ನೊಮ್ಮೆ ಯಾವ ಮಗುವೂ ಫೋನು ಎತ್ತುವುದಿಲ್ಲ. ಗೆಳತಿ ಕಷ್ಟದಲ್ಲಿದ್ದಾಳೆ ಎಂದು ಹೇಳುವಷ್ಟು ಹೊಣೆಯನ್ನು ಆ ಸಹಪಾಠಿ ಹೊತ್ತಳು. ಅದರಾಚೆಯ ಹೊಣೆಯೆಲ್ಲ ದೊಡ್ಡವರದು.

ವಯಸ್ಸಿನ ಕಾಗದ

ಮನೆಗೆ ಹೋಗುವ ಮೊದಲೇ ವಯಸ್ಸಿನ ದಾಖಲೆ ಕೈಯಲ್ಲಿರಬೇಕು. ಅದಿಲ್ಲದೆ ಹೋದರೆ ‘ಹುಡುಗಿಗೆ ಹತ್ತೊಂಬತ್ತು’ ಎಂಬ ಮಾತಿಗೆ ಎದುರಾಡಲು ಏನೂ ಇರುವುದಿಲ್ಲ. ಯಾವ ದಾಖಲೆಗೆ ಮೊದಲ ಮನ್ನಣೆ ಎಂಬುದನ್ನು ಬಾಲನ್ಯಾಯ ಕಾಯ್ದೆಯ 94ನೇ ಕಲಂ ಕ್ರಮವಾಗಿ ಹೇಳಿದೆ. ಮೊದಲನೆಯದು ಶಾಲೆಯ ಜನನ ದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಇವೆರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಆದೇಶವಾದ 15 ದಿನಗಳಲ್ಲಿ ಅದು ಮುಗಿಯಬೇಕು.

ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಆದರೆ ಮನೆಯವರು ಮೊದಲು ಮುಂದೆ ಚಾಚುವುದು ಆಧಾರನ್ನೇ. ಇಲ್ಲೂ ಹಾಗೇ ಆಯಿತು. ಆಧಾರಿನ ಪ್ರಕಾರ ಹುಡುಗಿಗೆ 18 ದಾಟಿತ್ತು. ಜನ್ಮದಿನಾಂಕವನ್ನು ಇತ್ತೀಚೆಗೆ ‘ತಿದ್ದಿಸಲಾಗಿತ್ತು’. ಆಧಾರ್ ಗುರುತಿನ ಚೀಟಿಯೇ ಹೊರತು ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂಬುದನ್ನು 2024ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಲ್ಲೂ ನ್ಯಾಯಾಲಯ 94ನೇ ಕಲಮನ್ನೇ ಆಧರಿಸಿ ಶಾಲಾ ದಾಖಲೆಯನ್ನು ಎತ್ತಿಹಿಡಿಯಿತು. ಈ ಪ್ರಕರಣದಲ್ಲಿ ಪ್ರೌಢಶಾಲೆಯ ಮುಖ್ಯಶಿಕ್ಷಕರಿಂದ ದಾಖಲಾತಿ ವಹಿಯ ದೃಢೀಕೃತ ನಕಲು, ಕಾಲೇಜಿನಿಂದ ಅಂಕಪಟ್ಟಿಯ ನಕಲು ಎರಡೂ ಅದೇ ಸಂಜೆಗೆ ಬಂದವು. ಎರಡರಲ್ಲೂ ದಿನಾಂಕ ಒಂದೇ.

ಇನ್ನೊಂದು ಕಾಗದವನ್ನೂ ಅದೇ ಸಂಜೆ ನೋಡಬೇಕು: ಅಕ್ಕನನ್ನು ಮದುವೆಯಾಗುವ ಹುಡುಗನದು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ ಪ್ರಕಾರ ಗಂಡಿಗೆ 21 ತುಂಬಿರಬೇಕು. ಅಕ್ಕನಿಗೆ 20 ಆದರೂ ಆಕೆಯ ವರ 20ರವನೇ ಆಗಿದ್ದರೆ ಅದೂ ಬಾಲ್ಯವಿವಾಹವೇ. ಇಲ್ಲಿ ಆತನಿಗೆ 24. ಹಾಗಾಗಿ ಅಕ್ಕನ ಮದುವೆಗೆ ಯಾರೂ ಅಡ್ಡಿ ಬರುವಂತಿಲ್ಲ. ಇದನ್ನು ಮನೆಯವರಿಗೆ ಮೊದಲ ಮಾತಿನಲ್ಲೇ ಹೇಳಿದ್ದು ದೊಡ್ಡ ಉಪಕಾರ ಮಾಡಿತು. ಚಪ್ಪರವೇ ಕಿತ್ತುಹೋಗುತ್ತದೆ ಎಂದು ಹೆದರಿದ ಮನೆ ಯಾವ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ.

ಮನೆಯ ಭೇಟಿ

ಹೋದವರು ಐದು ಮಂದಿ: ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಅಂಗನವಾಡಿ ಮೇಲ್ವಿಚಾರಕಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತ ಅಧಿಕಾರಿ, ಸಾದಾ ಉಡುಪಿನಲ್ಲಿ ಒಬ್ಬ ಮಹಿಳಾ ಪೊಲೀಸ್. ಕರ್ನಾಟಕದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳ ಹೊಣೆಯನ್ನು ಹಲವು ಇಲಾಖೆಗಳ ಅಧಿಕಾರಿಗಳಿಗೆ ಹಂಚಲಾಗಿದೆ. ಹಂಚಿದ್ದರ ಕೆಡುಕೆಂದರೆ ಅವರು ಹೋಗುತ್ತಾರೆಂದು ಇವರು, ಇವರು ಹೋಗುತ್ತಾರೆಂದು ಅವರು ಕಾಯುತ್ತಾರೆ. ಈ ಪ್ರಕರಣದಲ್ಲಿ ಸಿಡಿಪಿಒ ತಾವೇ ಮುಂದಾಳು ಎಂದು ಮೊದಲೇ ಬರೆದುಕೊಂಡರು. ಮುಂದಿನ ಎಲ್ಲ ಕಾಗದಗಳೂ ಅವರ ಸಹಿಯಲ್ಲೇ ಸಾಗಿದವು.

ಅಂಗನವಾಡಿ ಕಾರ್ಯಕರ್ತೆಯನ್ನು ಬೇಕೆಂದೇ ಕರೆದೊಯ್ಯಲಿಲ್ಲ. ಆಕೆ ಅದೇ ಊರಿನವಳು. ನಾಳೆ ಅದೇ ಬಾವಿಯ ನೀರು, ಅದೇ ಓಣಿಯ ಮಕ್ಕಳು. ತಂಡದ ಮುಂದೆ ಆಕೆಯನ್ನು ನಿಲ್ಲಿಸಿ ಮನೆ ತೋರಿಸು ಎಂದರೆ ಅಧಿಕಾರಿಗಳು ಜೀಪು ಹತ್ತಿ ಹೋದ ಮೇಲೆ ಬೈಗುಳ ತಿನ್ನುವವಳು ಆಕೆಯೊಬ್ಬಳೇ.

ಅಂಗಳದಲ್ಲಿ ಎಲ್ಲರೆದುರು ಕೇಳಿದಾಗ ಹುಡುಗಿ ನೆಲ ನೋಡುತ್ತ ‘ನನಗ ಒಪ್ಪಿಗಿ ಐತ್ರಿ’ ಎಂದಳು. ತಂದೆ ಕೈ ಮುಗಿದು, ‘ನೋಡ್ರಿ ಸಾಹೇಬ್ರ, ಆಕೀನ ಹೇಳಾಕತ್ತಾಳ’ ಎಂದರು. ತಂಡದವರಲ್ಲಿ ಇಬ್ಬರು ಇಲ್ಲಿಗೇ ಸಮಾಧಾನಪಡುವಂತಿದ್ದರು. ಮೇಲ್ವಿಚಾರಕಿ ಒಪ್ಪಲಿಲ್ಲ. ‘ಬಾ ತಂಗಿ, ಅಂಗನವಾಡಿ ತನಕ ಹೋಗಿ ಬರೂಣು’ ಎಂದು ಕರೆದುಕೊಂಡು ಹೋದರು. ಅಲ್ಲಿ ಹೊರಗೆ ಬಂದ ಮಾತು ಬೇರೆ: ‘ಅಕ್ಕಾರ, ನನಗ ಪಿಯುಸಿ ಮುಗಸೂದೈತಿ. ನರ್ಸಿಂಗ್ ಮಾಡಬೇಕನಸ್ತೈತಿ. ಆದ್ರ ಅಪ್ಪನ ಜೇಲಿಗೆ ಹಾಕಬ್ಯಾಡ್ರಿ. ನನ್ನ ಸಲುವಾಗಿ ಅಕ್ಕನ ಲಗ್ನ ನಿಲ್ಲಬಾರದು.’

ಈ ನಾಲ್ಕು ವಾಕ್ಯಗಳಲ್ಲಿ ಇಡೀ ಪ್ರಕರಣವಿದೆ. 18ರೊಳಗಿನ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಆಕೆ ನೂರು ಸಲ ಒಪ್ಪಿದರೂ ಮದುವೆ ಮಾಡುವಂತಿಲ್ಲ. ಆದರೆ ಆಕೆಯ ಅಭಿಪ್ರಾಯಕ್ಕೆ ಬೆಲೆಯಿದೆ. ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಬಾಲನ್ಯಾಯ ಕಾಯ್ದೆಯ 3ನೇ ಕಲಂ ಹೇಳುವುದೂ ಇದನ್ನೇ: ತನ್ನನ್ನು ಮುಟ್ಟುವ ತೀರ್ಮಾನದಲ್ಲಿ ಮಗುವಿನ ಮಾತು ಕೇಳಬೇಕು, ವಯಸ್ಸು ಮತ್ತು ಬುದ್ಧಿಗೆ ತಕ್ಕಂತೆ ತೂಗಬೇಕು. ‘ಮದುವೆ ನಡೆಯಬೇಕೇ’ ಎಂಬುದು ಆಕೆಗೆ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಅದಕ್ಕೆ ಕಾಯ್ದೆ ಉತ್ತರ ಕೊಟ್ಟಾಗಿದೆ. ಎಲ್ಲಿ ಇರಬೇಕು, ಏನು ಓದಬೇಕು, ಮನೆಯವರ ಜೊತೆ ಹೇಗೆ ಸಾಗಬೇಕು, ಯಾರಿಗೆ ಹೆದರುತ್ತಿದ್ದಾಳೆ ಎಂಬವನ್ನು ಮಾತ್ರ ಆಕೆಯಿಂದಲೇ ಕೇಳಿ ತಿಳಿಯಬೇಕು. ಅಧಿಕಾರಿಗಳು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತಾರೆ. ಮದುವೆ ಬೇಕೋ ಬೇಡವೋ ಎಂದು ಎಲ್ಲರೆದುರು ಕೇಳುತ್ತಾರೆ, ಮುಂದಿನದನ್ನೆಲ್ಲ ತಾವೇ ನಿರ್ಧರಿಸುತ್ತಾರೆ.

ಹಾಗೆಯೇ ‘ದೂರು ನೀನೇ ಬರೆದುಕೊಡು’ ಎಂದು ಹುಡುಗಿಯ ಕೈಗೆ ಪೆನ್ನು ಕೊಡುವುದು. ಹೆತ್ತವರ ಮೇಲೆ ದೂರು ಬರೆಯುವ ಹೊಣೆ ಮಗುವಿನದಲ್ಲ. ನಿಷೇಧಾಧಿಕಾರಿ ತಾವೇ ದೂರು ಕೊಡಬಹುದು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಪೊಲೀಸರೂ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಬಹುದು.

ಮನೆಯವರ ಲೆಕ್ಕ

ತಂದೆತಾಯಿ ಕೆಟ್ಟವರಲ್ಲ. ಅವರ ಲೆಕ್ಕವನ್ನು ಬಿಡಿಸಿ ನೋಡದಿದ್ದರೆ ಪರಿಹಾರವೂ ಸಿಗುವುದಿಲ್ಲ. ಕಬ್ಬು ಕಡಿಯಲು ಹೋದರೆ ನಾಲ್ಕೈದು ತಿಂಗಳು ಊರಲ್ಲಿ ಇರುವುದಿಲ್ಲ. ಇಷ್ಟು ದಿನ ಅಕ್ಕ ಮನೆಯಲ್ಲಿದ್ದಳು, ಈಗ ಅವಳೂ ಗಂಡನ ಮನೆಗೆ ಹೋಗುತ್ತಾಳೆ. ‘ವಯಸ್ಸಿಗೆ ಬಂದ ಹುಡುಗೀನ ಒಬ್ಬಾಕೀನ ಎಲ್ಲಿ ಬಿಡೂಣ್ರಿ?’ ಎಂಬ ತಾಯಿಯ ಪ್ರಶ್ನೆ ನಿಜವಾದ ಪ್ರಶ್ನೆ. ಸೋದರಮಾವನ ಕಡೆಯಿಂದಲೂ ಒತ್ತಡವಿತ್ತು. ಕಬ್ಬಿನ ಕೆಲಸಕ್ಕೆ ಗುತ್ತಿಗೆದಾರರು ಗಂಡ ಹೆಂಡತಿಯ ಜೋಡಿಯನ್ನೇ ಒಂದು ಘಟಕವಾಗಿ ಎಣಿಸಿ ಮುಂಗಡ ಕೊಡುವ ರೂಢಿಯಿದೆ. ಒಂಟಿ ಗಂಡಿಗೆ ಮುಂಗಡ ಕಡಿಮೆ. ಅಂದರೆ ಈ ಮದುವೆಯ ಹಿಂದೆ ಒಂದು ಕೂಲಿಯ ಲೆಕ್ಕವೂ ಇತ್ತು. ಹುಡುಗಿ ಮುಂದಿನ ವಾರವೇ ಕಬ್ಬಿನ ಗದ್ದೆಯಲ್ಲಿರುತ್ತಿದ್ದಳು.

ಇದರ ಮೇಲೆ ಕಾನೂನಿನದೇ ಒಂದು ಬಿರುಕು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ. ಸಂವಿಧಾನದ 51ಎ (ಕೆ) ಹೆತ್ತವರ ಮೇಲೆ ಹೊರಿಸಿದ ಓದಿಸುವ ಕರ್ತವ್ಯವೂ 14ಕ್ಕೇ ಮುಗಿಯುತ್ತದೆ. ಬಾಲಕಾರ್ಮಿಕ ಕಾಯ್ದೆಯ ಪೂರ್ಣ ನಿಷೇಧವೂ 14ರವರೆಗೆ. ಆಮೇಲೆ ಅಪಾಯಕಾರಿ ಕೆಲಸಗಳಿಗೆ ಮಾತ್ರ. 14ರಿಂದ 18ರ ನಡುವೆ ‘ಶಾಲೆಗೆ ಕಳಿಸಲೇಬೇಕು’ ಎನ್ನುವ ಕಾಯ್ದೆ ಇಲ್ಲ. ‘ಮದುವೆ ಮಾಡಬೇಡ’ ಎನ್ನುವ ಕಾಯ್ದೆ ಮಾತ್ರ ಇದೆ. ಹುಡುಗಿಯರು ಜಾರಿಹೋಗುವುದು ಈ ನಾಲ್ಕು ವರ್ಷಗಳ ಸಂದಿಯಲ್ಲೇ.

ಮುಚ್ಚಳಿಕೆ ಸಾಲುವುದಿಲ್ಲ

ಮೊದಲ ದಿನ ತಂದೆಯಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು: ಮಗಳಿಗೆ 18 ತುಂಬುವವರೆಗೆ ಮದುವೆ ಮಾಡುವುದಿಲ್ಲ, ಮಾಡಿದರೆ ಕಾನೂನು ಕ್ರಮಕ್ಕೆ ಬದ್ಧ. ಐದು ಸಹಿ, ಒಂದು ಹೆಬ್ಬೆಟ್ಟು. ಬಹುತೇಕ ಕಡತಗಳು ಇಲ್ಲಿಗೆ ‘ತಡೆಯಲಾಗಿದೆ’ ಎಂದು ಮುಚ್ಚಿಹೋಗುತ್ತವೆ. ಮುಚ್ಚಳಿಕೆ ಬರೆಸಬಾರದೆಂದಲ್ಲ. ಮನೆಯವರಿಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ಅದು ನಾಳೆ ಪುರಾವೆಯಾಗುತ್ತದೆ. ಆದರೆ ಅದನ್ನು ಮುರಿದರೆ ಅದಕ್ಕೆಂದೇ ಶಿಕ್ಷೆಯಿಲ್ಲ, ಮುರಿದು ಮಾಡಿದ ಮದುವೆಯನ್ನು ಅದು ರದ್ದು ಮಾಡುವುದೂ ಇಲ್ಲ. ಸಹಿ ಹಾಕಿದವನು ತಂದೆ. ಅಜ್ಜ, ಸೋದರಮಾವ, ಬೀಗರು ಯಾರೂ ಅದಕ್ಕೆ ಬಾಧ್ಯರಲ್ಲ.

ಮರುದಿನ ಸಂಜೆ ಸುದ್ದಿ ಬಂತು. ಅರಿಶಿನ ಹಚ್ಚುವುದು ಗಡಿಯಾಚೆ, ಸೋದರಮಾವನ ಊರಿನ ಗುಡಿಯಲ್ಲಂತೆ. ಅಕ್ಕನ ಮದುವೆಯ ಗದ್ದಲದಲ್ಲಿ ತಂಗಿಯನ್ನು ಬೆಳಗಿನ ಜಾವವೇ ಕಳಿಸಿಬಿಡುವ ಯೋಜನೆ.

ಗಡಿ ದಾಟಿದರೆ ಏನು ಬದಲಾಗುತ್ತದೆ ಎಂಬುದು ಈ ಭಾಗದ ಅಧಿಕಾರಿಗಳಿಗೆ ಬಾಯಿಪಾಠ ಇರಬೇಕು. ಕರ್ನಾಟಕದ 2016ರ ತಿದ್ದುಪಡಿ 2017ರಲ್ಲಿ ಜಾರಿಗೆ ಬಂದ ಮೇಲೆ ಇಲ್ಲಿ ನಡೆಯುವ ಪ್ರತಿ ಬಾಲ್ಯವಿವಾಹವೂ ಆರಂಭದಿಂದಲೇ ಅಸಿಂಧು. ಇದನ್ನು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ಮೆಚ್ಚಿಕೊಂಡು, ಉಳಿದ ರಾಜ್ಯಗಳೂ ಹೀಗೇ ಮಾಡಬೇಕೆಂದು ಹೇಳಿತು. ಕೇಂದ್ರದ ಮೂಲ ಕಾಯ್ದೆಯಲ್ಲಿ ಹಾಗಿಲ್ಲ. ಅಲ್ಲಿ ಬಾಲ್ಯವಿವಾಹ ‘ರದ್ದುಪಡಿಸಬಹುದಾದದ್ದು’ ಅಷ್ಟೇ. ಮದುವೆಯಾದ ಮಗು ತಾನೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಪ್ರಾಯ ತುಂಬಿದ ಎರಡು ವರ್ಷದೊಳಗೆ. ಅಷ್ಟರಲ್ಲಿ ಆಕೆಯ ಮಡಿಲಲ್ಲಿ ಮಗುವಿರುತ್ತದೆ. ಎಷ್ಟು ಹೆಣ್ಣುಮಕ್ಕಳು ಆ ಅರ್ಜಿ ಹಾಕಿಯಾರು?

ಹಾಗಾಗಿ ಬೇಕಾದದ್ದು ತಡೆಯಾಜ್ಞೆ. ಕಾಯ್ದೆಯ 13ನೇ ಕಲಂ ಪ್ರಕಾರ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ ಇದನ್ನು ಕೊಡಬಹುದು. ನಿಷೇಧಾಧಿಕಾರಿಯೇ ಕೇಳಬೇಕೆಂದಿಲ್ಲ, ಮದುವೆ ನಡೆಯಲಿದೆ ಎಂದು ತಿಳಿದ ಯಾರೇ ಆದರೂ ಕೇಳಬಹುದು. ಸಾಮಾನ್ಯವಾಗಿ ಎದುರುಪಕ್ಷಕ್ಕೆ ನೋಟಿಸು ಹೋಗಬೇಕು, ಆದರೆ ತುರ್ತಿದ್ದರೆ ನೋಟಿಸಿಲ್ಲದೆಯೇ ಮಧ್ಯಂತರ ಆದೇಶ ನೀಡಬಹುದು. ತಡೆಯಾಜ್ಞೆ ಮೀರಿ ಮಾಡಿದ ಮದುವೆ 14ನೇ ಕಲಂ ಪ್ರಕಾರ ಅಸಿಂಧು. ಇದು ಕೇಂದ್ರ ಕಾಯ್ದೆಯದೇ ಮಾತಾದ್ದರಿಂದ ಗಡಿಯಾಚೆಗೂ ನಿಲ್ಲುತ್ತದೆ. ಗೊತ್ತಿದ್ದೂ ಮೀರಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅರ್ಜಿಯ ಕರಡನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರು ಸಿದ್ಧಪಡಿಸಿದರು. ಹೆಂಗಸರಿಗೂ ಮಕ್ಕಳಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಈ ನೆರವು ಆದಾಯ ಎಷ್ಟೇ ಇದ್ದರೂ ಉಚಿತ. ಅರ್ಜಿಗೆ ಲಗತ್ತಿಸಿದ್ದು ಶಾಲಾ ವಹಿಯ ದೃಢೀಕೃತ ನಕಲು, ಅಂಕಪಟ್ಟಿಯ ನಕಲು, ಭೇಟಿಯ ಮಹಜರು, ಮುಚ್ಚಳಿಕೆ, ಸಿಡಿಪಿಒ ಅವರ ಅಫಿಡವಿಟ್. ಎದುರುದಾರರ ಪಟ್ಟಿಯಲ್ಲಿ ತಂದೆ, ತಾಯಿ, ಸೋದರಮಾವ, ಆತನ ತಂದೆತಾಯಿ, ಲಗ್ನ ಮಾಡಿಸಲು ಒಪ್ಪಿದ್ದ ಐನೋರು ಇದ್ದರು. ಪ್ರಾರ್ಥನೆಯಲ್ಲಿ ‘ನಿಗದಿಯಾದ ದಿನ ಮತ್ತು ಸ್ಥಳದಲ್ಲಿ’ ಎಂದು ಬರೆದು ನಿಲ್ಲಿಸಿದರೆ ಮರುದಿನ ಬೇರೆ ಗುಡಿಯಲ್ಲಿ ತಾಳಿ ಕಟ್ಟುತ್ತಾರೆ. ‘18 ವರ್ಷ ತುಂಬುವ ದಿನದವರೆಗೆ, ಯಾವುದೇ ಸ್ಥಳದಲ್ಲಿ, ಯಾವುದೇ ವರನೊಂದಿಗೆ’ ಎಂಬ ಮಾತು ಇರಲೇಬೇಕು. ಇಲ್ಲಿ ಆ ಸಾಲನ್ನು ಕೊನೆಯಲ್ಲಿ ಕೈಬರಹದಲ್ಲಿ ಸೇರಿಸಲಾಯಿತು. ಸಂಜೆಗೆ ಮಧ್ಯಂತರ ಆದೇಶ ಕೈಗೆ ಬಂತು.

ಆದೇಶ ಬಂದರೆ ಸಾಲದು, ಮುಟ್ಟಬೇಕು. ‘ಗೊತ್ತಿದ್ದೂ ಮೀರಿದರೆ’ ಎಂದು ಕಾಯ್ದೆ ಹೇಳುವುದರಿಂದ ಪ್ರತಿಯೊಬ್ಬ ಎದುರುದಾರನಿಗೂ ಪ್ರತಿ ಕೊಟ್ಟು ಸಹಿ ಪಡೆಯಬೇಕು. ಗಡಿಯಾಚೆಯ ಮೂವರಿಗೆ ಅಲ್ಲಿನ ಪೊಲೀಸ್ ಠಾಣೆಯ ಮೂಲಕ ಅದೇ ರಾತ್ರಿ ತಲುಪಿಸಲಾಯಿತು. ಅಡುಗೆಯವರಿಗೆ, ಚಪ್ಪರದವರಿಗೆ, ಫೋಟೋದವರಿಗೆ ಬಾಯಿಮಾತಿನಲ್ಲಿ ತಿಳಿಸಲಾಯಿತು: ಬಾಲ್ಯವಿವಾಹ ಮಾಡಿಸಿದವರಿಗೂ ನೆರವಾದವರಿಗೂ ಕರ್ನಾಟಕದಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಎರಡು ವರ್ಷ ಕಠಿಣ ಸಜೆ, ಅಪರಾಧ ಜಾಮೀನುರಹಿತ.

ಸೋದರಮಾವನಿಗೆ ಹೇಳಬೇಕಾದ ಇನ್ನೊಂದು ಮಾತನ್ನು ಮಹಿಳಾ ಪೊಲೀಸ್ ನೇರವಾಗಿ ಹೇಳಿದರು. ತಾಳಿ ಕಟ್ಟಿದ ಮಾತ್ರಕ್ಕೆ 18ರೊಳಗಿನ ಹುಡುಗಿಯೊಡನೆ ದೈಹಿಕ ಸಂಬಂಧ ಅಪರಾಧವಲ್ಲದಾಗುವುದಿಲ್ಲ. ಅದು ಅತ್ಯಾಚಾರವೇ, ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ) ಪ್ರಕರಣವೇ. 2017ರ ಅದೇ ತೀರ್ಪು ಇದನ್ನು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಗರ್ಭಿಣಿಯೆಂದು ತಾಯಿ ಕಾರ್ಡ್ ಮಾಡಿಸಲು ಹೋದ ದಿನ ವಯಸ್ಸು ಗೊತ್ತಾಗುತ್ತದೆ. ಆಗ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಈ ಭಾಗದ ಎಷ್ಟೋ ಯುವಕರು ಜೈಲಿಗೆ ಹೋದದ್ದು ಹೀಗೆ, ಮದುವೆಯಾಗಿ ಒಂದು ವರ್ಷದ ಮೇಲೆ. ಮುಂಚೆ ಹೇಳುವವರಿದ್ದರೆ ಅವರೂ ಉಳಿಯುತ್ತಿದ್ದರು.

ಅಕ್ಕನ ಮದುವೆ ನಿಗದಿಯಾದ ಮುಹೂರ್ತದಲ್ಲೇ ನಡೆಯಿತು. ಮೇಲ್ವಿಚಾರಕಿ ಮತ್ತು ಮಹಿಳಾ ಪೊಲೀಸ್ ಸೀರೆಯುಟ್ಟು ಬಂದು ಕೂತು, ಉಂಡು ಹೋದರು.

ಸಮಿತಿಯ ಮುಂದೆ

ಮದುವೆಯ ಅಪಾಯದಲ್ಲಿರುವ ಮಗುವನ್ನು ಬಾಲನ್ಯಾಯ ಕಾಯ್ದೆ ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಎಂದೇ ಎಣಿಸುತ್ತದೆ. ಹಾಗಾಗಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿ ಕೂರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಆಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಹುಡುಗಿಯನ್ನು ತಕ್ಷಣ ಬಾಲಮಂದಿರಕ್ಕೆ ಕಳಿಸಿಬಿಡುವುದು. ಸುರಕ್ಷಿತ ಎನಿಸುತ್ತದೆ, ಕಡತಕ್ಕೂ ಒಪ್ಪುತ್ತದೆ. ಆದರೆ ಬಾಲಮಂದಿರ ಜಿಲ್ಲಾ ಕೇಂದ್ರದಲ್ಲಿ, ಕಾಲೇಜು ತಾಲ್ಲೂಕಿನಲ್ಲಿ. ಹಾಜರಾತಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಮದುವೆಯಿಂದ ಉಳಿಸುವ ಭರದಲ್ಲಿ ಯಾವುದಕ್ಕಾಗಿ ಆಕೆ ಮದುವೆ ಬೇಡವೆಂದಳೋ ಅದನ್ನೇ ಕಳೆದುಹಾಕಿದಂತಾಗುತ್ತದೆ. ಸಂಸ್ಥೆಗೆ ಕಳಿಸುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಮನೆಯಲ್ಲಿ ಹೊಡೆತದ ಭಯವಿದ್ದರೆ, ಹುಡುಗಿಯನ್ನು ಬಚ್ಚಿಟ್ಟ ಇತಿಹಾಸವಿದ್ದರೆ ಬಾಲಮಂದಿರವೇ ಸರಿ. ಯಾವುದೆಂದು ತಿಳಿಯುವುದು ಸಾಮಾಜಿಕ ತನಿಖಾ ವರದಿಯಿಂದ. 15 ದಿನದಲ್ಲಿ ಅದು ಸಮಿತಿಯ ಕೈಗೆ ಬರಬೇಕು.

ಹುಡುಗಿ ಸಮಿತಿಗೆ ಹೇಳಿದ್ದು ಸರಳ: ಕಾಲೇಜಿನ ಊರಿನಲ್ಲಿ ಹಾಸ್ಟೆಲ್ ಸಿಕ್ಕರೆ ಅಲ್ಲಿರುತ್ತೇನೆ, ಅಪ್ಪ ಅವ್ವ ವಾಪಸ್ ಬಂದಾಗ ಊರಿಗೆ ಹೋಗುತ್ತೇನೆ. ತಾಯಿಯ ‘ಎಲ್ಲಿ ಬಿಡೂಣ್ರಿ’ ಪ್ರಶ್ನೆಗೂ ಅದೇ ಉತ್ತರ. ಸಮಿತಿ ಹುಡುಗಿಯನ್ನು ಹೆತ್ತವರ ಸುಪರ್ದಿಗೇ ಕೊಟ್ಟು, ಮಕ್ಕಳ ರಕ್ಷಣಾ ಘಟಕದ ಮೇಲ್ವಿಚಾರಣೆಯಲ್ಲಿಟ್ಟು, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಪತ್ರ ಬರೆಯಿತು. ವರ್ಷದ ನಡುವೆ ಸೀಟು ಖಾಲಿಯಿಲ್ಲ ಎಂಬ ಉತ್ತರ ಬಂತು. ಯಾರು ಬಿಟ್ಟುಹೋಗಿದ್ದಾರೆ ಎಂದು ಹಾಜರಾತಿ ವಹಿ ತರಿಸಿ ನೋಡಿದಾಗ ಎರಡು ಸೀಟು ಇದ್ದವು. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರುವಷ್ಟರಲ್ಲಿ ಒಂಬತ್ತು ದಿನ ಹೋಯಿತು. ಅಷ್ಟು ದಿನ ಆಕೆ ಚಿಕ್ಕಮ್ಮನ ಮನೆಯಿಂದ ಕಾಲೇಜಿಗೆ ಹೋದಳು. ಹಾಸ್ಟೆಲ್ ಸೇರುವವರೆಗೂ ಹೆತ್ತವರು ಗುಳೆ ಹೊರಡಲಿಲ್ಲ. ಗುತ್ತಿಗೆದಾರನ ಬೈಗುಳವನ್ನು ತಂದೆಯೇ ತಿಂದರು. ಆ ತಂದೆಗೆ ಇದರ ಮನ್ನಣೆ ಸಲ್ಲಬೇಕು.

ಹಣದ ವಿಷಯದಲ್ಲಿ ಎರಡು ಮಾತು. ಮಕ್ಕಳ ರಕ್ಷಣೆಗೆಂದೇ ಇರುವ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಹಳ್ಳಿಯ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಎರಡನೆಯದು ಭಾಗ್ಯಲಕ್ಷ್ಮಿ ಬಾಂಡ್. 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ಹುಟ್ಟಿ ನೋಂದಣಿಯಾದ ಹೆಣ್ಣುಮಕ್ಕಳಿಗೆ ಇದು 18 ತುಂಬಿದ ಮೇಲೆ ಕೈಸೇರುತ್ತದೆ, 18ರೊಳಗೆ ಮದುವೆಯಾದರೆ ಇಲ್ಲ. ಈ ಮನೆಯ ಟ್ರಂಕಿನಲ್ಲಿ ಆ ಬಾಂಡ್ ಇತ್ತು, ಷರತ್ತು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಶಿಕ್ಷೆಯ ಮಾತಿಗೆ ಬಗ್ಗದ ಅಜ್ಜ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಯಾರ ಹೊಣೆ ಎಷ್ಟು

ಮಕ್ಕಳ ಹಕ್ಕಿನ ಮಾತು ಬಂದಾಗಲೆಲ್ಲ ‘ಹಕ್ಕು ಸರಿ, ಅವರ ಕರ್ತವ್ಯ?’ ಎಂಬ ಪ್ರಶ್ನೆ ಬರುತ್ತದೆ. ಇಲ್ಲೂ ಅಜ್ಜ ಕೇಳಿದ್ದು ಅದನ್ನೇ: ‘ಹಿರ್‍ಯಾರ ಮಾತು ಕೇಳೂದು ಮಕ್ಕಳ ಧರ್ಮ ಅಲ್ಲೇನ್ರಿ?’ ಕೇಳಲೇಬೇಕಾದ ಪ್ರಶ್ನೆ. ಆಫ್ರಿಕಾದ ದೇಶಗಳು 1990ರಲ್ಲಿ ಒಪ್ಪಿ, 1999ರಲ್ಲಿ ಜಾರಿಗೆ ತಂದ ಮಕ್ಕಳ ಹಕ್ಕುಗಳ ಸನ್ನದಿನಲ್ಲಿ ಮಕ್ಕಳ ಕರ್ತವ್ಯಗಳಿಗೆಂದೇ 31ನೇ ವಿಧಿ ಇದೆ. ಕುಟುಂಬದ ಒಗ್ಗಟ್ಟಿಗೆ ದುಡಿಯಬೇಕು, ಹೆತ್ತವರನ್ನು, ಹಿರಿಯರನ್ನು ಗೌರವಿಸಬೇಕು, ಕಷ್ಟದಲ್ಲಿ ನೆರವಾಗಬೇಕು ಎನ್ನುತ್ತದೆ ಅದು, ಎಲ್ಲವೂ ವಯಸ್ಸು ಮತ್ತು ಶಕ್ತಿಗೆ ತಕ್ಕಂತೆ ಎಂಬ ಷರತ್ತಿನೊಂದಿಗೆ. ಅದೇ ಸನ್ನದಿನ 21ನೇ ವಿಧಿ ಬಾಲ್ಯವಿವಾಹವನ್ನು ಮಾತ್ರವಲ್ಲ, ಮಕ್ಕಳ ನಿಶ್ಚಿತಾರ್ಥವನ್ನೂ ನಿಷೇಧಿಸುತ್ತದೆ. ಹಿರಿಯರನ್ನು ಗೌರವಿಸು ಎಂದು ಬರೆದವರೇ ಆ ಗೌರವದ ಹೆಸರಲ್ಲಿ ಮದುವೆ ಕೇಳಬೇಡಿ ಎಂದೂ ಬರೆದಿದ್ದಾರೆ.

ಈ ಹುಡುಗಿ ಹೊತ್ತುಕೊಂಡಿದ್ದ ಹೊಣೆಗಳನ್ನು ನೋಡಿ: ಅಕ್ಕನ ಮದುವೆ ನಿಲ್ಲಬಾರದು, ಅಪ್ಪ ಜೈಲಿಗೆ ಹೋಗಬಾರದು, ಮಾವನ ಮುಂಗಡ, ಅಜ್ಜನ ಮಾತು, ಮನೆತನದ ಮರ್ಯಾದೆ. ಒಂದೂ ಆಕೆಯ ಪಾಲಿನದಲ್ಲ. ಆಪ್ತಸಮಾಲೋಚಕಿ ಮೂರು ಭೇಟಿಗಳಲ್ಲಿ ಮಾಡಿದ್ದು ಮುಖ್ಯವಾಗಿ ಈ ಹೊರೆಯನ್ನು ಒಂದೊಂದಾಗಿ ಇಳಿಸುವ ಕೆಲಸ. ಆಕೆಯದೇ ಆದ ಹೊಣೆಗಳೂ ಇದ್ದವು, ಅವನ್ನು ಆಕೆಯೊಡನೆ ಕೂತೇ ಬರೆಯಲಾಯಿತು. ತರಗತಿ ತಪ್ಪಿಸಬಾರದು. ತಿಂಗಳಿಗೊಮ್ಮೆ ರಕ್ಷಣಾ ಘಟಕದ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಬೇಕು. ಮನೆಯಲ್ಲಿ ಮತ್ತೆ ಮಾತೆದ್ದರೆ ಮುಚ್ಚಿಡದೆ ಹೇಳಬೇಕು. ವಾರಕ್ಕೊಮ್ಮೆ ಅವ್ವನಿಗೆ ಫೋನು ಮಾಡಬೇಕು. ಕೊನೆಯದನ್ನು ಸೇರಿಸಿದವಳು ಹುಡುಗಿಯೇ.

ಇಪ್ಪತ್ತು ತಿಂಗಳು

16 ವರ್ಷ 4 ತಿಂಗಳಿಂದ 18ಕ್ಕೆ 20 ತಿಂಗಳು. ಮದುವೆ ನಿಲ್ಲಿಸಿದ್ದು ನಾಲ್ಕು ದಿನದ ಕೆಲಸವಾದರೆ ಉಳಿದದ್ದೆಲ್ಲ ಇಲ್ಲಿದೆ. ಮೊದಲ ವಾರ ದಿನವೂ, ಮೊದಲ ಎರಡು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ವಿಚಾರಣೆ ಎಂದು ಸಮಿತಿ ಆದೇಶದಲ್ಲೇ ಬರೆಯಿತು. ಕಾಲೇಜಿನ ಪ್ರಾಂಶುಪಾಲರಿಗೆ ಒಂದೇ ಕೆಲಸ: ಸತತ ಮೂರು ದಿನ ಗೈರಾದರೆ ಕಾರಣ ಹುಡುಕುತ್ತ ಕೂರದೆ ರಕ್ಷಣಾ ಘಟಕಕ್ಕೆ ಫೋನು.

ಅಪಾಯ ಎಲ್ಲ ತಿಂಗಳೂ ಒಂದೇ ಸಮ ಇರುವುದಿಲ್ಲ. ತುಳಸಿ ಲಗ್ನದ ನಂತರದ ಮೂರು ವಾರ, ಯುಗಾದಿಯಿಂದ ಮೇ ಕೊನೆಯವರೆಗೆ, ಅದರಲ್ಲೂ ಬಸವ ಜಯಂತಿ ಬರುವ ಅಕ್ಷಯ ತೃತೀಯದ ಸುತ್ತ. ಅಂಥ ದಿನಗಳ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಗಳಿಗೇ ನಿಷೇಧಾಧಿಕಾರಿಯ ಅಧಿಕಾರವನ್ನು ಕಾಯ್ದೆ ಕೊಟ್ಟಿದೆ. ಈ ಹುಡುಗಿಯ ಮಟ್ಟಿಗೆ ಅತಿ ಕಠಿಣ ಕಾಲ ಬಂದದ್ದು ಕೊನೆಯಲ್ಲಿ. ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚಿನಲ್ಲಿ ಮುಗಿಯಿತು, ಹಾಸ್ಟೆಲ್ ಮುಚ್ಚಿತು, ಆಕೆಗೆ 17 ವರ್ಷ 9 ತಿಂಗಳು. ‘ಇನ್ನ ಮೂರು ತಿಂಗಳದಾಗ ಏನೈತ್ರಿ, ಈ ಬ್ಯಾಸಗೀಗೆ ಮುಗಿಸಿಬಿಡೂಣು’ ಎಂದು ಅಜ್ಜ ಮತ್ತೆ ಮಾತು ತೆಗೆದರು. ಈ ಘಟ್ಟದಲ್ಲಿ ಅಧಿಕಾರಿಗಳೂ ಮೆತ್ತಗಾಗುತ್ತಾರೆ. ಕಾನೂನಿನಲ್ಲಿ 17 ವರ್ಷ 9 ತಿಂಗಳಿಗೂ 14 ವರ್ಷಕ್ಕೂ ವ್ಯತ್ಯಾಸವಿಲ್ಲ, ತಡೆಯಾಜ್ಞೆಯೂ ಜೀವಂತವಾಗಿತ್ತು. ಹುಡುಗಿ ಫೋನು ಮಾಡಿದಳು. ಮೇಲ್ವಿಚಾರಕಿ ಆದೇಶದ ಪ್ರತಿ ಹಿಡಿದು ಹೋಗಿ ಅಜ್ಜನಿಗೆ ಮತ್ತೊಮ್ಮೆ ಓದಿ ಹೇಳಿದರು. ಈ ಸಲ ಅಂಗಳದಲ್ಲಿ ಎದ್ದು ನಿಂತು ‘ಬ್ಯಾಡ’ ಎಂದವಳು ತಾಯಿ.

ಬೇಸಿಗೆಯ ಎರಡು ತಿಂಗಳು ಹಾಸ್ಟೆಲ್ ಮುಚ್ಚುವ ತೊಂದರೆಯನ್ನು ಯಾವ ಇಲಾಖೆಯೂ ಇನ್ನೂ ಬಗೆಹರಿಸಿಲ್ಲ. ಅತಿ ಹೆಚ್ಚು ಮದುವೆಗಳು ನಡೆಯುವ ಕಾಲದಲ್ಲೇ ಹುಡುಗಿಯರನ್ನು ಮನೆಗೆ ಕಳಿಸುವ ವ್ಯವಸ್ಥೆ ಇದು. ತಾಲ್ಲೂಕಿಗೊಂದು ವಿದ್ಯಾರ್ಥಿನಿಲಯವನ್ನಾದರೂ ಬೇಸಿಗೆಯಲ್ಲಿ ತೆರೆದಿಡುವುದು ನಮ್ಮ ಮಟ್ಟಿಗೆ ಹೊಸ ಕಾಯ್ದೆಗಿಂತ ತುರ್ತಾದ ಕೆಲಸ.

ಹುಡುಗಿಗೆ 18 ತುಂಬಿದ ಮೇಲೆ ಸಮಿತಿ ಕಡತ ಮುಕ್ತಾಯಗೊಳಿಸಿತು. ಅದಕ್ಕೆ ಮೊದಲು ಕಡತದಲ್ಲಿ ಇದ್ದ ಕಾಗದಗಳು: ದ್ವಿತೀಯ ಪಿಯುಸಿ ಅಂಕಪಟ್ಟಿಯ ನಕಲು, ನರ್ಸಿಂಗ್ ಪ್ರವೇಶದ ಅರ್ಜಿ, ಭಾಗ್ಯಲಕ್ಷ್ಮಿ ಹಣಕ್ಕೆ ಸಲ್ಲಿಸಿದ ಅರ್ಜಿಯ ಸ್ವೀಕೃತಿ, ಕೊನೆಯ ಮನೆ ಭೇಟಿಯ ವರದಿ, ಹುಡುಗಿ ತನ್ನ ಕೈಯಲ್ಲೇ ಬರೆದ ಹೇಳಿಕೆ. ಕೊನೆಯ ಭೇಟಿಯ ವರದಿಯಲ್ಲಿ ಮೇಲ್ವಿಚಾರಕಿ ಒಂದು ಸಾಲು ಸೇರಿಸಿದ್ದರು: ಮನೆಯಲ್ಲಿ 13 ವರ್ಷದ ತಂಗಿಯಿದ್ದಾಳೆ, ಎಂಟನೇ ತರಗತಿ, ಮುಂದಿನ ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಸೇರಿಸಿದ್ದಾರೆಯೇ ಎಂದು ಪರಿಶೀಲಿಸುವುದು.